‘ಆರ್’ ಹೋಗಿ ‘ಆ್ಯಂಡ್’ ಆದ ಕಥೆ

ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ದಿನಕ್ಕೆ ಹತ್ತು ಸಲವಾದರೂ ಎದುರಾಗುವ ಪದ ಇಂಗ್ಲಿಷಿನ ‘ಆರ್’, ಅಂದರೆ ನಮ್ಮ ‘ಅಥವಾ’. ಚೆಕ್ಕಿನ ಮೇಲೆ ‘ಆರ್ ಬೇರರ್’ ಅಂತ ಅಚ್ಚಾಗಿರುತ್ತದೆ. ಅದನ್ನು ಹೊಡೆದು ಹಾಕದೆ, ಕ್ರಾಸ್ ಕೂಡ ಮಾಡದೆ ಬಿಟ್ಟರೆ ಚೆಕ್ಕು ತಂದವರ ಕೈಗೆ ದುಡ್ಡು ಹೋಗುತ್ತದೆ. ಜಂಟಿ ಖಾತೆಯ ಫಾರಂನಲ್ಲಿ ‘ಈದರ್ ಆರ್ ಸರ್ವೈವರ್’. ಇಷ್ಟು ಚಿಕ್ಕ ಪದವನ್ನು ಯಾರು ತಾನೇ ನಿಂತು ನೋಡುತ್ತಾರೆ? ಆದರೆ ಇದೇ ಪದದ ಅರ್ಥಕ್ಕಾಗಿ ಒಂದು ಜಗಳ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಆ ಜಗಳದಲ್ಲಿ ಒಂದು ಕಡೆ ಬೆಂಗಳೂರಿನ ಪತ್ರಿಕೆ, ಇನ್ನೊಂದು ಕಡೆ ನಮ್ಮ ಪುಣೆಯನ್ನು ಒಳಗೊಂಡಿದ್ದ ಅಂದಿನ ಮುಂಬಯಿ ರಾಜ್ಯ!

ಬೆಂಗಳೂರಿನಿಂದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಹೊರಡುತ್ತಿತ್ತು. ಅದರಲ್ಲಿ ಬಹುಮಾನದ ಪದಬಂಧ ಸ್ಪರ್ಧೆ. ಹಣ ಕಟ್ಟಿ ಉತ್ತರ ಕಳಿಸಬೇಕು. ನಡೆಸುತ್ತಿದ್ದವರು ಆರ್.ಎಂ.ಡಿ. ಚಮಾರ್‌ಬಾಗ್‌ವಾಲಾ ಮತ್ತು ಅವರ ಮೈಸೂರಿನ ಕಂಪನಿ. ಪತ್ರಿಕೆ ಅಚ್ಚಾಗುತ್ತಿದ್ದದ್ದು ಬೆಂಗಳೂರಿನಲ್ಲಾದರೂ ಮುಂಬಯಿ ರಾಜ್ಯದಲ್ಲಿ ಅದಕ್ಕೆ ಓದುಗರು ಬಹಳ. 1956ರ ನವೆಂಬರ್ 1ರವರೆಗೆ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಅದೇ ರಾಜ್ಯದಲ್ಲಿದ್ದವು ಎಂಬುದನ್ನು ನೆನಪಿಡಿ.

ಬಹುಮಾನದ ಸ್ಪರ್ಧೆಗಳಿಗೆ ಲೈಸೆನ್ಸು, ತೆರಿಗೆ ಹಾಕುವ ಕಾಯ್ದೆಯನ್ನು ಮುಂಬಯಿ ಸರ್ಕಾರ 1948ರಲ್ಲೇ ಮಾಡಿತ್ತು. ಆದರೆ ಹೊರಗೆ ಅಚ್ಚಾಗುವ ಪತ್ರಿಕೆಗಳಿಗೆ ವಿನಾಯಿತಿ ಇತ್ತು. 1952ರಲ್ಲಿ ತಿದ್ದುಪಡಿ ತಂದು ಅವನ್ನೂ ಒಳಗೆಳೆದುಕೊಂಡಿತು. ಕಂಪನಿ ಕೋರ್ಟಿಗೆ ಹೋಯಿತು, ಮುಂಬಯಿ ಹೈಕೋರ್ಟಿನಲ್ಲಿ ಗೆದ್ದಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿತು.

ಇಲ್ಲಿದೆ ನೋಡಿ ಗಂಟು. ಕಾಯ್ದೆಯ ವ್ಯಾಖ್ಯೆಯಲ್ಲಿ ಪದಬಂಧ, ಚಿತ್ರಸ್ಪರ್ಧೆ ಇತ್ಯಾದಿ ಪಟ್ಟಿ ಮಾಡಿ ಹೀಗೊಂದು ಷರತ್ತು ಸೇರಿಸಿದ್ದರು: ಉತ್ತರವನ್ನು ನಡೆಸುವವರು ಮೊದಲೇ ಸಿದ್ಧಪಡಿಸಿರುವ ಇಲ್ಲವೇ ಸಿದ್ಧಪಡಿಸದಿರುವ, ‘ಅಥವಾ’ ಉತ್ತರ ಅದೃಷ್ಟದಿಂದ ತೀರ್ಮಾನವಾಗುವ ಸ್ಪರ್ಧೆಗಳು. ಈಗ ಲೆಕ್ಕ ಹಾಕಿ. ಉತ್ತರ ಸಿದ್ಧವಾಗಿರುತ್ತದೆ, ಇಲ್ಲವೇ ಸಿದ್ಧವಾಗಿರುವುದಿಲ್ಲ. ಅಷ್ಟಕ್ಕೇ ಲೋಕದ ಎಲ್ಲ ಸ್ಪರ್ಧೆಗಳೂ ಬಂದುಬಿಟ್ಟವು, ತಲೆ ಓಡಿಸಿ ಗೆಲ್ಲುವಂಥವು ಕೂಡ! ಹಾಗಾದರೆ ಈ ಕಾಯ್ದೆ ನ್ಯಾಯವಾದ ವ್ಯಾಪಾರಕ್ಕೂ ಕೈ ಹಾಕಿದಂತಾಯಿತು, ಅದಕ್ಕೆ ಸಂವಿಧಾನದ ರಕ್ಷಣೆ ಇದೆ ಎಂಬುದು ಕಂಪನಿಯ ವಾದ.

1957ರ ಏಪ್ರಿಲ್ 9ರಂದು ತೀರ್ಪು ಬಂತು. ಮುಖ್ಯ ನ್ಯಾಯಮೂರ್ತಿ ಸುಧಿ ರಂಜನ್ ದಾಸ್ ಅವರು ಕಾಯ್ದೆಯನ್ನು ಇಡಿಯಾಗಿ ಓದಿ, ಜೂಜನ್ನು ಹಿಡಿತದಲ್ಲಿಡುವುದೇ ಇದರ ಉದ್ದೇಶ ಎಂದರು. ಆ ಉದ್ದೇಶ ನೆರವೇರಬೇಕಾದರೆ ಆ ಜಾಗದ ‘ಆರ್’ ಅನ್ನು ‘ಆ್ಯಂಡ್’ ಎಂದೇ ಓದಬೇಕು ಎಂದರು. ಅಂದರೆ ಉತ್ತರ ಸಿದ್ಧವಿರಲಿ ಬಿಡಲಿ, ಗೆಲುವು ಅದೃಷ್ಟದ್ದಾಗಿದ್ದರೆ ಮಾತ್ರ ಕಾಯ್ದೆ ಅನ್ವಯ. ಜೂಜು ವ್ಯಾಪಾರವೇ ಅಲ್ಲ, ಹಾಗಾಗಿ ವ್ಯಾಪಾರ ಸ್ವಾತಂತ್ರ್ಯದ ಮಾತೇ ಬರುವುದಿಲ್ಲ ಎಂದೂ ಹೇಳಿದರು. ಸರ್ಕಾರ ಗೆದ್ದಿತು.

ಇದರ ತಿರುವುಮುರುವೂ ಆಗಿದೆ. 1968ರಲ್ಲಿ ಈಶ್ವರ ಸಿಂಗ್ ಬಿಂದ್ರಾ ಪ್ರಕರಣದಲ್ಲಿ ಔಷಧ ಕಾಯ್ದೆಯ ‘ಔಷಧಿಗಳು ಮತ್ತು ಚಿಕಿತ್ಸೆಗೆ ಬಳಸುವ ವಸ್ತುಗಳು’ ಎಂಬರ್ಥದ ಮಾತಿನ ‘ಆ್ಯಂಡ್’ ಅನ್ನು ಅದೇ ಕೋರ್ಟು ‘ಆರ್’ ಎಂಬಂತೆ ಓದಿತು. ಎರಡೂ ಆಗಿರಬೇಕು ಎಂದು ಹಟ ಹಿಡಿದರೆ ಕಾಯ್ದೆಯ ಉದ್ದೇಶವೇ ಕೆಡುತ್ತಿತ್ತು.

ಇರಲಿ, ಸರ್ಕಾರ ಬರೆದ ಪದವನ್ನು ಐದು ವರ್ಷ ವಾದ ಮಾಡಿ ಸರಿಪಡಿಸಲು ಕೋರ್ಟಿದೆ. ನಾವು ನೀವು ತುಂಬುವ ಫಾರಂನ ಪದ ಸರಿಪಡಿಸುವವರು ಯಾರು? ‘ಈದರ್ ಆರ್ ಸರ್ವೈವರ್’ ಇದ್ದರೆ ಗಂಡ ತೀರಿಕೊಂಡ ಮೇಲೆ ಹೆಂಡತಿ ಮರಣಪತ್ರ ಕೊಟ್ಟು ಹಣ ತೆಗೆಯಬಹುದು. ಬರೀ ‘ಜಾಯಿಂಟ್ಲಿ’ ಅಂತಿದ್ದು, ‘ಸರ್ವೈವರ್’ ಮಾತೂ ಇಲ್ಲ, ನಾಮಿನಿಯೂ ಇಲ್ಲ ಎಂದಾದರೆ ಗಂಡನ ವಾರಸುದಾರರೂ ಜೊತೆಗೆ ಬರಬೇಕು. ಊರಲ್ಲಿರುವ ಮಗ, ಪರದೇಶದಲ್ಲಿರುವ ಮಗಳು ಎಲ್ಲರ ಕಾಗದಪತ್ರ ಸೇರುವಷ್ಟರಲ್ಲಿ ಆ ತಾಯಿ ಬ್ಯಾಂಕಿಗೆ ಎಷ್ಟು ಸಲ ಅಲೆಯಬೇಕೋ!

ಕನ್ನಡ ಶಾಲೆಯಲ್ಲಿ ಓದಿ ಹೊರನಾಡಿಗೆ ಬಂದ ನಮ್ಮಂಥವರು ಇಂಗ್ಲಿಷ್ ಫಾರಂ ಎಂದೊಡನೆ ಓದದೇ ಸಹಿ ಹಾಕುವುದುಂಟು. ಆದರೆ ಈ ವಿಷಯದಲ್ಲಿ ನಮ್ಮ ಭಾಷೆಯೇ ನಮಗೆ ಆಸರೆ. ‘ಗಂಡನಾಗಲಿ ಹೆಂಡತಿಯಾಗಲಿ ಸಹಿ ಮಾಡಬಹುದು’, ‘ಗಂಡನೂ ಹೆಂಡತಿಯೂ ಸಹಿ ಮಾಡಬೇಕು’. ಈ ಎರಡರಲ್ಲಿ ಯಾರಿಗಾದರೂ ಗೊಂದಲವಾಗುತ್ತದೆಯೇ? ಆದ್ದರಿಂದ ಸಹಿ ಹಾಕುವ ಮೊದಲು ಆ ಸಾಲನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಳ್ಳಿ. ‘ಆಗಲಿ’ ಬರುತ್ತದೋ ‘ಊ’ ಬರುತ್ತದೋ ನೋಡಿ. ನಿಮಗೆ ಬೇಕಾದದ್ದು ಅದೇ ಆಗಿದ್ದರೆ ಮಾತ್ರ ಪೆನ್ನು ತೆಗೆಯಿರಿ.