ಮಕ್ಕಳ ಮೊಬೈಲ್ ಸಂದೇಶಗಳು: ಹೆತ್ತವರ ಕಾವಲು ಎಲ್ಲಿಯವರೆಗೆ?

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಚಲನವಲನಗಳ ಮೇಲೆ ಕಂಪನಿಗಳು ನಿಗಾ ಇಡುವುದನ್ನು ನಿರ್ಬಂಧಿಸುತ್ತದೆ. ಆದರೆ ವ್ಯಕ್ತಿಯೊಬ್ಬರು ಗೃಹಕೃತ್ಯಕ್ಕಾಗಿ ದತ್ತಾಂಶ ಬಳಸಿದರೆ ಆ ಕಾಯಿದೆ ಅನ್ವಯಿಸದು. ಮಗನ ಅಥವಾ ಮಗಳ ಸಂದೇಶ ಓದಬೇಕೇ ಬೇಡವೇ ಎಂಬುದನ್ನು ಬಹುಮಟ್ಟಿಗೆ ಮನೆಯವರೇ ತೀರ್ಮಾನಿಸಬೇಕಾಗಿದೆ.

ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಕಾಸರಗೋಡಿನ ಮಗು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಬರೆದು, ಗೆಳೆಯರಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಮಲೆಯಾಳ ಕಳುಹಿಸುತ್ತದೆ. ತಾಳವಾಡಿಯಲ್ಲಿ ತಮಿಳು, ಅಕ್ಕಲಕೋಟೆಯಲ್ಲಿ ಮರಾಠಿ ಹೀಗೆಯೇ ಬೆರೆಯುತ್ತವೆ. ಈ ಮಿಶ್ರಣವನ್ನು ಕದ್ದು ಓದುವ ತಂದೆತಾಯಿ ಗೆಳೆಯರ ಬೈಗುಳವನ್ನು ಬೆದರಿಕೆಯೆಂದೂ ನಿಜವಾದ ಬೆದರಿಕೆಯನ್ನು ತಮಾಷೆಯೆಂದೂ ತಿಳಿಯುವ ಸಂಭವವೇ ಹೆಚ್ಚು. ಅರ್ಥ ಹೇಳಬಲ್ಲ ಮಗು ಅಷ್ಟರಲ್ಲಿ ಮುನಿಸಿಕೊಂಡಿರುತ್ತದೆ. ಆದ್ದರಿಂದ ಏನು ಬರೆದಿದ್ದಾರೆ ಎಂಬುದಕ್ಕಿಂತ ಯಾರು ಬರೆಯುತ್ತಿದ್ದಾರೆ ಎಂಬುದನ್ನು, ಅದೂ ಮಗುವಿಗೆ ತಿಳಿಸಿಯೇ, ಗಮನಿಸುವುದು ಮೇಲೆಂದು ನಾವು ಭಾವಿಸುತ್ತೇವೆ.

ಪ್ರಮುಖ ಸಾಧನಗಳೂ ಈ ಮಿತಿಯನ್ನು ಒಪ್ಪಿಕೊಂಡಿವೆ. ಗೂಗಲ್ ಫ್ಯಾಮಿಲಿ ಲಿಂಕ್‌ನಲ್ಲಿ ಬಳಕೆಯ ಅವಧಿ ಹಾಗೂ ಆ್ಯಪ್‌ಗಳನ್ನು ನಿಯಂತ್ರಿಸಬಹುದು; ಸಂದೇಶ ಓದಲಾಗದು. ಇನ್‌ಸ್ಟಾಗ್ರಾಮ್‌ನ ಹದಿಹರೆಯದವರ ಖಾತೆಯಲ್ಲಿ ಕಳೆದ ಏಳು ದಿನಗಳಲ್ಲಿ ಮಗು ಯಾರಿಗೆ ಸಂದೇಶ ಕಳುಹಿಸಿತೆಂಬುದು ಪೋಷಕರಿಗೆ ಕಾಣುತ್ತದೆ, ಒಕ್ಕಣೆ ಕಾಣದು. ವಾಟ್ಸ್‌ಆ್ಯಪ್‌ನಲ್ಲಿ 24 ಗಂಟೆಗಳಲ್ಲೇ ಮಾಯವಾಗುವ ಸಂದೇಶಗಳೂ ಉಂಟು. ರಾತ್ರಿ ಮೊಬೈಲ್ ತಡಕಿ ಫಲವಿಲ್ಲ. ಎಲ್ಲವನ್ನೂ ಗುಟ್ಟಾಗಿ ತೋರಿಸುತ್ತೇವೆನ್ನುವ ಗೂಢಚಾರಿ ಆ್ಯಪ್‌ಗಳ ಗೊಡವೆಯೇ ಬೇಡ. ಮಗುವಿನ ಮಾತುಕತೆಯ ನಕಲು ಯಾರೋ ಅಪರಿಚಿತರ ಕಂಪ್ಯೂಟರಿಗೆ ಹೋಗಿ ಸೇರಬಹುದು.

ಅಪರಿಚಿತರು ಚಿತ್ರ ಕೇಳುತ್ತಿದ್ದರೆ, ಹಣಕ್ಕಾಗಿ ಬೆದರಿಸುತ್ತಿದ್ದರೆ, ಅಥವಾ ಮಗು ಸಾಯುವ ಮಾತಾಡಿದರೆ ಸಂದೇಶಗಳನ್ನು ನೋಡಲೇಬೇಕು. ಆಗಲೂ ಮಗುವಿನ ಪಕ್ಕದಲ್ಲಿ ಕುಳಿತು ನೋಡುವುದು ಲೇಸು. ಬೆದರಿಕೆಯ ಸಂದೇಶಗಳನ್ನು ಅಳಿಸಬಾರದು. ಮಗುವಿನ ಅಶ್ಲೀಲ ಚಿತ್ರವೇನಾದರೂ ಇದ್ದರೆ ಬಂಧುಗಳಿಗಾಗಲಿ ಶಾಲೆಯ ಗುಂಪಿಗಾಗಲಿ ಕಳುಹಿಸಲೇಕೂಡದು. ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಸೆಕ್ಷನ್ನಿನ ಪ್ರಕಾರ ಅದನ್ನು ಹಂಚುವುದೂ ಅಪರಾಧ. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧಕ್ಕೆ 1930.

ಪೊಲೀಸ್ ಠಾಣೆಯಲ್ಲಿ ಮಲೆಯಾಳದಲ್ಲೋ ಮರಾಠಿಯಲ್ಲೋ ಬರೆದುಕೊಂಡಾರೆಂಬ ಅಳುಕಿನಿಂದ ಹಿಂಜರಿಯುವ ಕುಟುಂಬಗಳು ಒಂದು ವಿಷಯ ತಿಳಿದಿರಬೇಕು. ಮಗುವನ್ನು ಡಿಜಿಟಲ್ ಮಾಧ್ಯಮದ ಮೂಲಕ ಲೈಂಗಿಕ ಉದ್ದೇಶದಿಂದ ಪದೇಪದೇ ಸಂಪರ್ಕಿಸುವುದು 2012ರ ಪೋಕ್ಸೋ ಕಾಯಿದೆಯಡಿ ಲೈಂಗಿಕ ಕಿರುಕುಳ. ಅದೇ ಕಾಯಿದೆಯ 19ನೇ ಸೆಕ್ಷನ್ನಿನಂತೆ, ದೂರು ದಾಖಲಾಗುವ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ಅನುವಾದಕರನ್ನು ಒದಗಿಸಲೇಬೇಕು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೇ ಪಡೆಯಬಹುದು. ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು.