ಮಿಡ್‌ವೇಲ್ ಶಾಲೆಯ ಹಗ್ಗ: 1888ರ ಹಿಮಬಿರುಗಾಳಿಯ ಒಂದು ವಿವಾದ

1888ರ ಜನವರಿ 12ರಂದು ಅಮೆರಿಕದ ನೆಬ್ರಾಸ್ಕ ಮತ್ತು ಡಕೋಟ ಬಯಲುಗಳ ಮೇಲೆರಗಿದ ಹಿಮಬಿರುಗಾಳಿಯ ಸ್ಥೂಲ ಚಿತ್ರದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಕಡಿಮೆ. ಅಂದು ಬೆಳಗ್ಗೆ ಹವೆ ಬೆಚ್ಚಗಿತ್ತು. ಎಷ್ಟೋ ಮಕ್ಕಳು ದಪ್ಪ ಕೋಟು ತೊಡದೆಯೇ ಶಾಲೆಗೆ ಹೋಗಿದ್ದರು. ವಾಯವ್ಯದ ಗಾಳಿ ಹಿಟ್ಟಿನಷ್ಟು ನುಣುಪಾದ ಹಿಮವನ್ನು ಹೊತ್ತು ನುಗ್ಗಿದಾಗ ಚಾಚಿದ ಕೈಯೂ ಕಾಣದಾಯಿತು. ಸತ್ತವರು ಸುಮಾರು 235 ಮಂದಿ ಎಂಬುದು ರೂಢಿಯ ಅಂದಾಜು. ಹವಾಮಾನ ಮುನ್ಸೂಚನೆಯ ವೈಫಲ್ಯವನ್ನು ಡೇವಿಡ್ ಲಾಸ್ಕಿನ್ 2004ರ ತಮ್ಮ ಕೃತಿಯಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ.

ಇತ್ಯರ್ಥವಾಗದೆ ಉಳಿದದ್ದು ಒಂದು ಹಗ್ಗದ ಪ್ರಶ್ನೆ. ನೆಬ್ರಾಸ್ಕದ ಮಿಡ್‌ವೇಲ್ ಶಾಲೆಯ ಚಾವಣಿಯನ್ನು ಗಾಳಿ ಕಿತ್ತೊಯ್ದಾಗ, ಯುವ ಶಿಕ್ಷಕಿ ಮಿನ್ನಿ ಫ್ರೀಮನ್ ಮಕ್ಕಳನ್ನು ಹಗ್ಗದಲ್ಲಿ ಒಬ್ಬರಿಗೊಬ್ಬರನ್ನು ಕಟ್ಟಿ ದೂರದ ಮನೆಯೊಂದಕ್ಕೆ ಕರೆದೊಯ್ದಳೆಂದು ಪ್ರತೀತಿ. ಅದೇ ವರ್ಷ ಅವಳ ಮೇಲೆ ಹಾಡೊಂದು ಅಚ್ಚಾಯಿತು. 1967ರಲ್ಲಿ ಆ ದೃಶ್ಯ ರಾಜ್ಯದ ಶಾಸನಭವನದ ಗೋಡೆಯ ಮೇಲೆ ಮೊಸಾಯಿಕ್ ಚಿತ್ರವಾಯಿತು. ಆದರೆ ಹಗ್ಗದ ಮಾತು ನಿಜವಲ್ಲವೆಂದು ಅವಳ ಶಿಷ್ಯರಲ್ಲೇ ಒಬ್ಬರು ಮುಂದೆ ಹೇಳಿದರು. ಅಂದಿನಿಂದ ವಾದ ಹಗ್ಗವಿತ್ತೇ ಇರಲಿಲ್ಲವೇ ಎಂಬಲ್ಲೇ ಗಿರಕಿ ಹೊಡೆಯುತ್ತಿದೆ. ಹಗ್ಗವೇ ಮಕ್ಕಳನ್ನು ಉಳಿಸಬಲ್ಲ ಉಪಾಯ ಎಂಬುದನ್ನು ಎರಡೂ ಪಕ್ಷಗಳು ಪರೀಕ್ಷಿಸದೆ ಒಪ್ಪಿಕೊಂಡಂತಿದೆ. ನನ್ನ ತಕರಾರು ಇರುವುದು ಇಲ್ಲಿಯೇ.

ಅದೇ ರಾಜ್ಯದ ಪ್ಲೇನ್‌ವ್ಯೂ ಬಳಿಯ ಪ್ರಸಂಗವನ್ನು ಪಕ್ಕದಲ್ಲಿಟ್ಟು ನೋಡಬೇಕು. ಲೋಯಿಸ್ ರಾಯ್ಸ್ ಎಂಬ ಶಿಕ್ಷಕಿ ಶಾಲೆಯಲ್ಲಿ ಉರುವಲು ಮುಗಿದ ಮೇಲೆ ಮೂವರು ಮಕ್ಕಳೊಡನೆ ತಾನು ತಂಗಿದ್ದ ಮನೆಗೆ ಹೊರಟಳು. ದೂರ ಕೇವಲ 82 ಗಜ. ದಿಕ್ಕು ತಪ್ಪಿತು. ರಾತ್ರಿಯೆಲ್ಲ ಬಯಲಲ್ಲಿ ಅವಳು ಮಕ್ಕಳನ್ನು ಮೈಗಪ್ಪಿ ಮಲಗಿದಳು. ಮೂವರೂ ಅವಳ ಮಗ್ಗುಲಲ್ಲೇ ಸತ್ತರು. ಅವಳು ಬದುಕಿದಳಾದರೂ ಹಿಮದಲ್ಲಿ ಮರಗಟ್ಟಿದ ಪಾದಗಳನ್ನು ಕತ್ತರಿಸಬೇಕಾಯಿತು.

ಅಲ್ಲಿ ಯಾರೂ ಯಾರಿಂದಲೂ ಅಗಲಲಿಲ್ಲ ಎಂಬುದನ್ನು ಗಮನಿಸಬೇಕು. ಹಗ್ಗ ಚದುರುವುದನ್ನು ತಡೆಯಬಲ್ಲದು, ದಾರಿ ತೋರಲಾರದು. ರಾಯ್ಸ್ ಬಳಿ ಹಗ್ಗವಿದ್ದಿದ್ದರೂ ಫಲ ಬೇರೆಯಾಗುತ್ತಿತ್ತೆಂದು ನಂಬಲು ಕಾರಣ ಕಾಣದು. ಹಾಗಾಗಿ ಮಿಡ್‌ವೇಲ್‌ನಲ್ಲಿ ನಿರ್ಣಾಯಕವಾದದ್ದು ದಿಕ್ಕು ಹಿಡಿದು ನಡೆದದ್ದೇ ಹೊರತು ಕಟ್ಟಿಕೊಂಡದ್ದಲ್ಲ ಎಂಬುದು ನನ್ನ ವಾದ. ಇದನ್ನು ಹೇಳುವಾಗ ಎಚ್ಚರವೂ ಬೇಕು. ಎರಡೇ ಪ್ರಸಂಗಗಳಿಂದ ನಿಯಮ ಕಟ್ಟಲಾಗದು. ಮಕ್ಕಳ ಸಂಖ್ಯೆ ಹೆಚ್ಚಿದ್ದಲ್ಲಿ ಚದುರದಿರುವುದೇ ದೊಡ್ಡ ಸಾಧನೆ. ಹಗ್ಗ ಹಿಡಿದವರಿಗೆ ಅದು ಕೊಟ್ಟಿರಬಹುದಾದ ಧೈರ್ಯವನ್ನು ಅಳೆಯುವ ಮಾನದಂಡ ನಮ್ಮಲ್ಲಿಲ್ಲ. ಇದರಿಂದ ಫ್ರೀಮನ್ಳ ಹಿರಿಮೆ ಕುಗ್ಗುವುದೂ ಇಲ್ಲ. ಆದರೆ ಹಗ್ಗದ ಕಥೆ ರಾಯ್ಸ್‌ಳನ್ನು ಉಪಾಯ ಸಾಲದವಳೆಂಬಂತೆ ತೋರಿಸಿಬಿಡುತ್ತದೆ. ಅದು ಘೋರ ಅನ್ಯಾಯ. ಅವಳ ಧೈರ್ಯ ಫ್ರೀಮನ್ಳ ಧೈರ್ಯಕ್ಕಿಂತ ಎಳ್ಳಷ್ಟೂ ಕಡಿಮೆಯಲ್ಲ.

ಬದುಕುಳಿದವರ ನೆನಪುಗಳ ಪ್ರಮುಖ ಸಂಕಲನ ಬಂದದ್ದು 1947ರಲ್ಲಿ, ಘಟನೆ ನಡೆದು 59 ವರ್ಷಗಳ ನಂತರ. ಅಷ್ಟರಲ್ಲಿ ಹಾಡೂ ಪತ್ರಿಕೆಗಳ ಹೊಗಳಿಕೆಯೂ ಆ ನೆನಪುಗಳೊಳಗೆ ಎಷ್ಟು ಬೆರೆತಿದ್ದವು, ಹಾದಿ ಗುರುತಿಸುವುದರಲ್ಲಿ ಹಿರಿಯ ವಿದ್ಯಾರ್ಥಿಗಳ ಪಾಲೆಷ್ಟು ಎಂಬ ಎರಡು ಪ್ರಶ್ನೆಗಳು ಇನ್ನೂ ತೆರೆದೇ ಇವೆ. ಎರಡನೆಯದಕ್ಕೆ ಉತ್ತರ ಸಿಕ್ಕರೆ ಮೇಲಿನ ವಾದವನ್ನೂ ತಿದ್ದಬೇಕಾದೀತು.