ಸರ್ಕಾರಿ ಗಣಕ ವ್ಯವಸ್ಥೆ: ರಹಸ್ಯ ಮತ್ತು ಸಂರಕ್ಷಣೆಯ ಚಾರಿತ್ರಿಕ ವಿವೇಚನೆ

ಸರ್ಕಾರದ ಗಣಕ ವ್ಯವಸ್ಥೆಯೊಂದು ರಾಜ್ಯರಹಸ್ಯವನ್ನು ನಿರ್ವಹಿಸುತ್ತದೆಂದು ಯಾವ ಆಧಾರದಿಂದ ನಿರ್ಣಯಿಸಬೇಕು? ಭಾರತದ ಕಾನೂನು ಚರಿತ್ರೆಯನ್ನು ಪರಿಶೀಲಿಸಿದರೆ, ಆ ಆಧಾರ ಯಂತ್ರದಲ್ಲಿಲ್ಲ, ಅದರೊಳಗಿನ ಮಾಹಿತಿಯಲ್ಲಿದೆ ಎಂಬುದು ವ್ಯಕ್ತವಾಗುತ್ತದೆ.

1923ರ ಅಧಿಕೃತ ರಹಸ್ಯಗಳ ಅಧಿನಿಯಮವು ‘ರಹಸ್ಯ’ ಎಂಬ ಪದವನ್ನೇ ವ್ಯಾಖ್ಯಾನಿಸಲಿಲ್ಲ. ಅದರ 5ನೆಯ ಕಲಮು ನಕ್ಷೆ, ಮಾದರಿ, ಟಿಪ್ಪಣಿ, ದಸ್ತಾವೇಜುಗಳ ಜೊತೆಗೆ ಗುಪ್ತಸಂಕೇತ ಹಾಗೂ ಸಂಕೇತಪದವನ್ನೂ ಹೆಸರಿಸಿತು. ಪರಮ ರಹಸ್ಯ, ರಹಸ್ಯ, ಗೋಪ್ಯ, ನಿರ್ಬಂಧಿತ ಎಂಬ ಶ್ರೇಣಿಗಳು ಇಲಾಖಾ ಸೂಚನೆಗಳಿಂದ ರೂಢಿಗೆ ಬಂದವು. ಕಡತದ ಮೇಲಿನ ಈ ಮುದ್ರೆಯೇ ಮುಂದೆ ಗಣಕದ ಸ್ಥಾನವನ್ನೂ ನಿರ್ಧರಿಸತೊಡಗಿತು.

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ಭಿನ್ನವಾದ ಪರಿಕಲ್ಪನೆಯನ್ನು ತಂದಿತು. ಅದರ 70ನೆಯ ಕಲಮಿನಂತೆ ಸರ್ಕಾರವು ರಾಜ್ಯಪತ್ರದ ಅಧಿಸೂಚನೆಯ ಮೂಲಕ ಗಣಕ ವ್ಯವಸ್ಥೆಯನ್ನು ‘ಸಂರಕ್ಷಿತ’ವೆಂದು ಘೋಷಿಸಬಹುದು, ಅನಧಿಕೃತ ಪ್ರವೇಶಕ್ಕೆ 10 ವರ್ಷಗಳವರೆಗೆ ಕಾರಾವಾಸವಿದೆ. ಕೇರಳ ಸರ್ಕಾರ ಶುಲ್ಕ, ಬಿಲ್ಲುಗಳನ್ನು ಕಟ್ಟಿಸಿಕೊಳ್ಳುವ ‘ಫ್ರೆಂಡ್ಸ್’ ತಂತ್ರಾಂಶವನ್ನೇ ಹೀಗೆ ಘೋಷಿಸಿತು. 2006ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಬಿಲ್ಲಿನ ಲೆಕ್ಕ ರಾಜ್ಯರಹಸ್ಯವಲ್ಲ. ಆದ್ದರಿಂದ ಸಂರಕ್ಷಿತವಾದುದೆಲ್ಲ ರಹಸ್ಯವಲ್ಲ. 2008ರ ತಿದ್ದುಪಡಿಯು ಸಂರಕ್ಷಣೆಯನ್ನು ಅತಿಮುಖ್ಯ ಮಾಹಿತಿ ಮೂಲಸೌಕರ್ಯಕ್ಕೆ ಸಂಬಂಧಿಸಿತು. ಅದೇ ತಿದ್ದುಪಡಿಯ 66ಎಫ್ ಕಲಮು ರಾಜ್ಯದ ಭದ್ರತೆ ಅಥವಾ ವಿದೇಶಾಂಗ ಸಂಬಂಧಗಳ ಕಾರಣಕ್ಕೆ ನಿರ್ಬಂಧಿಸಿದ ಮಾಹಿತಿಯನ್ನು ಪ್ರತ್ಯೇಕವಾಗಿ ಗುರುತಿಸಿತು. ರಾಜ್ಯರಹಸ್ಯದ ಪ್ರಶ್ನೆ ಹುಟ್ಟುವುದು ಇಲ್ಲಿ.

ಈ ಭೇದ ಕಲಬುರಗಿಯ ರೈತನಿಗೂ ಸಂಬಂಧಿಸಿದ್ದು. ಕರ್ನಾಟಕದ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಸೇರಿಸಿ, 177 ತಾಲ್ಲೂಕು ಕೇಂದ್ರಗಳಲ್ಲಿ ವಿತರಣೆಯನ್ನು ಆರಂಭಿಸಿತು. ಆಗ ಕಲಬುರಗಿ ತಾಲ್ಲೂಕಿಗೆ ಸೇರಿದ್ದ ಕಮಲಾಪುರದ ರೈತನೂ 15 ರೂಪಾಯಿ ಶುಲ್ಕ ತೆತ್ತು ಪ್ರತಿ ಪಡೆಯಬಹುದಾಗಿತ್ತು. ಆದರೆ ಖಾತೆ ಬದಲಾವಣೆಗೆ ಅಧಿಕಾರಿಯ ಬೆರಳಚ್ಚು ಕಡ್ಡಾಯವಾಗಿತ್ತು. ಓದುವ ಹಕ್ಕು ಎಲ್ಲರದಾಗಿ, ತಿದ್ದುವ ಅಧಿಕಾರ ಮಾತ್ರ ಕೆಲವರಿಗೆ ಸೀಮಿತವಾಯಿತು. ಇಲ್ಲಿ ಕಾಪಾಡಬೇಕಾದುದು ದಾಖಲೆಯ ಗೋಪ್ಯತೆಯನ್ನಲ್ಲ, ಅದರ ನೈಜತೆಯನ್ನು.

ಈ ಎರಡನ್ನು ಬೆರೆಸಿದರೆ, ಭದ್ರತೆಯ ಹೆಸರಿನಲ್ಲಿ ರೈತನಿಗೆ ತನ್ನ ಹೊಲದ ದಾಖಲೆಯೇ ದೊರೆಯದಂತಾದೀತು. ಮಾಹಿತಿ ಹಕ್ಕು ಅಧಿನಿಯಮ, 2005ರ 22ನೆಯ ಕಲಮು 1923ರ ಕಾನೂನಿಗಿಂತ ತನಗೆ ಪ್ರಾಬಲ್ಯವಿದೆಯೆಂದು ಸಾರಿರುವುದನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು. ಗಣಕವನ್ನು ರಹಸ್ಯವೆನ್ನುವ ಮೊದಲು ಅದರಲ್ಲಿರುವ ಯಾವ ಮಾಹಿತಿ ಬಯಲಾದರೆ ರಾಜ್ಯಕ್ಕೆ ಯಾವ ಹಾನಿ ಎಂಬುದನ್ನು ಸರ್ಕಾರ ತೋರಿಸಬೇಕಾಗುತ್ತದೆ.